ಬಿಳಿ ಡೇರೆ, ಸುಮಾರು ನಲವತ್ತು

ನಮ್ಮೂರಿನಲ್ಲಿ ವಿಳಾಸ ಹೇಳುವುದು ಸುಲಭ. ಎಡರೆಕ್ಕೆ, ಮೂರನೇ ಮನೆ ಎಂದರೆ ಸಾಕು, ಅಂಚೆಯವನು ಬಂದು ಬಾಗಿಲು ತಟ್ಟುತ್ತಾನೆ. ಮೂತಿಯ ಹತ್ತಿರ ಬಸ್‌ಸ್ಟ್ಯಾಂಡು, ಹೊಟ್ಟೆಯ ಉದ್ದಕ್ಕೂ ತರಕಾರಿ ಅಂಗಡಿಗಳು, ಬಾಲದ ಕಡೆ ನೇಕಾರರ ಬೀದಿ. ನಲವತ್ತು ವರ್ಷಗಳಿಂದ ಒಂದು ವಿಮಾನದ ನೆರಳು ಊರಿನ ಮೇಲೆ ಬಿದ್ದುಕೊಂಡಿದೆ. ಮೇಲೆ ವಿಮಾನವಿಲ್ಲ, ನೆರಳು ಮಾತ್ರ ಇದೆ. ಸೂರ್ಯ ಎತ್ತ ವಾಲಿದರೂ ಅದು ಕದಲುವುದಿಲ್ಲ. ನೆರಳಿನೊಳಗಿನ ಮನೆಗಳಲ್ಲಿ ತುಳಸಿ ಬರುವುದಿಲ್ಲವಾದ್ದರಿಂದ ಅಲ್ಲಿಯ ಹೆಂಗಸರು ಬಿಸಿಲಿನ ಕಡೆಯವರ ಅಂಗಳದಲ್ಲಿ ತಮ್ಮದೊಂದು ಕಟ್ಟೆ ಕಟ್ಟಿಸಿಕೊಂಡಿದ್ದಾರೆ. ಬಿಸಿಲಿನ ಕಡೆಯವರು ಬೇಸಿಗೆಯ ಮಧ್ಯಾಹ್ನ ಕೈಕೂಸುಗಳನ್ನು ತಂದು ನೆರಳಿನ ಮನೆಗಳಲ್ಲಿ ಮಲಗಿಸಿ ಹೋಗುತ್ತಾರೆ. ನಾನು ಪುರಸಭೆಯಲ್ಲಿ ಕೆಲಸಕ್ಕಿದ್ದೇನೆ. ವರ್ಷಕ್ಕೊಮ್ಮೆ, ನೆರಳಿನ ದಿನಕ್ಕೆ ಮುಂಚೆ, ಅದರ ಅಂಚಿಗುಂಟ ಸುಣ್ಣದ ಗೆರೆ ಎಳೆಸುವುದು ನನ್ನ ಜವಾಬ್ದಾರಿ.

ನೆರಳಿನ ಕಥೆ ಊರಿನ ಮಕ್ಕಳಿಗೆಲ್ಲ ಬಾಯಿಪಾಠ. ಯುದ್ಧದ ಕಾಲ. ಒಂದು ಸೋಮವಾರ ಶತ್ರುಗಳ ವಿಮಾನ ಬಂದು ಹಳ್ಳದ ದಂಡೆಯಲ್ಲಿದ್ದ ಬಿಳುಪಿನ ಕೇರಿಯ ಮೇಲೆ ಬಾಂಬು ಹಾಕಿತು. ನಮ್ಮ ನೇಕಾರರು ನೇಯ್ದ ಬಟ್ಟೆಯನ್ನು ಬೇಯಿಸಿ, ಒಗೆದು, ಬಂಡೆಗಳ ಮೇಲೆ ಹಾಸಿ ಬಿಳುಪು ಮಾಡುವವರ ಕೇರಿ ಅದು. ಮೂವತ್ತೊಂದು ಜನ ಸತ್ತರು. ಊರಿನ ಮೇಲೂ ಬೀಳುತ್ತದೆಂದು ಎಲ್ಲರೂ ಮಂಚದ ಕೆಳಗೆ ನುಸುಳಿ ಕಾದರು. ಬುಧವಾರ ಬೆಳಿಗ್ಗೆ ನಮ್ಮದೇ ಸೈನ್ಯದ ವಿಮಾನವೊಂದು ಬಂತು. ಹೆಂಚಿಗೆ ತಾಗುವಷ್ಟು ಕೆಳಗೆ ಮೂರು ಸುತ್ತು ಹಾಕಿ, ಊರನ್ನು ಕಾಯುವಂತೆ ತಿರುಗಿ, ಆಮೇಲೆ ಕಲ್ಲುಬೆಟ್ಟದ ಆಚೆ ಬಿದ್ದುಹೋಯಿತು. ಅದರ ನೆರಳು ಮಾತ್ರ ಹೋಗಲಿಲ್ಲ. ಶತ್ರು ಮತ್ತೆ ಬರಲಿಲ್ಲ. ಆ ಪೈಲಟ್ ಜಯವಂತನ ಹೆಸರು ಕೆತ್ತಿದ ಕಲ್ಲು ಮೂತಿಯ ಹತ್ತಿರ ಇದೆ. ಹೊಸದಾಗಿ ಮದುವೆಯಾದವರು ಅದಕ್ಕೆ ನಮಸ್ಕಾರ ಮಾಡಿ ಮುಂದೆ ಹೋಗುತ್ತಾರೆ.

ಜಯವಂತನ ಹೆಂಡತಿ ಅಂಬುಜಮ್ಮ ನನ್ನ ಅಮ್ಮ. ಹಡೆದವಳಲ್ಲ. ಬಾಂಬು ಬಿದ್ದಾಗ ನನಗೆ ಮೂರು ವರ್ಷ. ಕೇರಿಯಲ್ಲಿ ಬಟ್ಟೆ ಬೇಯಿಸುವ ದೊಡ್ಡದೊಂದು ಬಾನಿ ಬೋರಲು ಬಿದ್ದಿತ್ತಂತೆ, ಅದರ ಕೆಳಗೆ ನಾನು ಸಿಕ್ಕೆನಂತೆ. ತಿಂಗಳ ಮೇಲೆ ಅಮ್ಮ ಒಂದು ಕಬ್ಬಿಣದ ಟ್ರಂಕು ಹಿಡಿದು ಗಂಡನ ನೆರಳು ಬಿದ್ದ ಊರಿಗೆ ಬಂದಳು. ಆಗ ಅವಳಿಗೆ ಇಪ್ಪತ್ತಾರು. ಕೇರಿಯಲ್ಲಿ ಬದುಕುಳಿದವರನ್ನು ಇರಿಸಿದ್ದ ಶಾಲೆಯಿಂದ ನನ್ನನ್ನು ಎತ್ತಿಕೊಂಡಳು. ವಿಮಾನದಲ್ಲಿ ಪೈಲಟ್ ಕೂರುವ ಜಾಗದ ನೆರಳು ಬಿದ್ದ ಮನೆಯನ್ನೇ ಕೇಳಿ ಬಾಡಿಗೆಗೆ ಹಿಡಿದಳು. ಹೊಲಿಗೆ ಕಲಿಸುತ್ತ ನನ್ನನ್ನು ಓದಿಸಿದಳು. ಪ್ರತಿ ವರ್ಷ ಕಲ್ಲಿನ ಮುಂದೆ ಮೊದಲ ದೀಪ ಅವಳೇ ಹಚ್ಚಬೇಕು. ಹಚ್ಚಿ, ಯಾರ ಮುಖವನ್ನೂ ನೋಡದೆ ಮನೆಗೆ ಬಂದು ಅವತ್ತಿಡೀ ಉಪವಾಸ ಇರುತ್ತಿದ್ದಳು. ಗಂಡನ ನೆನಪಿಗೆ ಎಂದು ಊರು ತಿಳಿದಿತ್ತು. ನಾನೂ ತಿಳಿದಿದ್ದೆ.

ಈ ವರ್ಷ ನಲವತ್ತು ತುಂಬುತ್ತದೆಂದು ಪುರಸಭೆ ಅಧ್ಯಕ್ಷ ಹಾಲಪ್ಪನವರಿಗೆ ಹುರುಪು. ಕಲ್ಲಿನ ಪಕ್ಕ ಗಾಜಿನ ಪೆಟ್ಟಿಗೆ ಮಾಡಿಸಿದರು. "ಚೆಲುವಮ್ಮ, ಅವರದ್ದು ಏನಾದ್ರೂ ಒಂದು ಬೇಕಲ್ರಿ ಇದರೊಳಗೆ ಇಡೋಕೆ. ಟೋಪಿನೋ, ಕಾಗದಾನೋ. ನಿಮ್ಮಮ್ಮನ್ನ ಕೇಳ್ರಿ" ಎಂದರು. ಅಮ್ಮನನ್ನು ಕೇಳಿದರೆ, "ಏನೂ ಇಲ್ಲ ಕಣೆ" ಎಂದು ಸೂಜಿಗೆ ದಾರ ಪೋಣಿಸುತ್ತ ಕೂತಳು. ಎರಡು ದಿನ ಕಳೆದು ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಸ್ಪತ್ರೆಗೆ ಸೇರಿಸಿ, ಅವಳ ಶಾಲು ತರಲು ಮನೆಗೆ ಬಂದೆ. ಬೀರುವಿನಲ್ಲಿ ಸಿಗಲಿಲ್ಲ. ಟ್ರಂಕಿನ ಬೀಗ ತುಕ್ಕು ಹಿಡಿದಿತ್ತು, ಎಳೆದರೆ ಕೈಗೇ ಬಂತು. ಶಾಲು ಇತ್ತು. ಅದರೊಳಗೆ ಸುತ್ತಿಟ್ಟಿದ್ದ ನೀಲಿ ರಟ್ಟಿನ ಅಗಲವಾದ ಪುಸ್ತಕವೂ ಇತ್ತು. ಮೇಲೆ, "ಹಾರಾಟದ ದಿನಚರಿ. ಜಯವಂತ."

ನನಗೆ ಖುಷಿಯೋ ಖುಷಿ. ಫೋಟೋದಲ್ಲಿ ಬಿಟ್ಟರೆ ನಾನು ನೋಡದ ಮನುಷ್ಯ ಅವನು. ಅಪ್ಪ ಎಂದು ಎಂದೂ ಬಾಯಿಬಿಟ್ಟು ಕರೆದಿರಲಿಲ್ಲ, ಆದರೆ ಶಾಲೆಯ ಅರ್ಜಿಗಳಲ್ಲೆಲ್ಲ ಬರೆದದ್ದು ಅವನ ಹೆಸರನ್ನೇ. ಅಲ್ಲೇ ನೆಲದ ಮೇಲೆ ಕೂತು ಓದಿದೆ. ತಾರೀಖು, ವಿಮಾನದ ನಂಬರು, ಎಲ್ಲಿಂದ ಎಲ್ಲಿಗೆ, ಏನು ಕೆಲಸ, ಎಷ್ಟು ಗಂಟೆ, ಎಷ್ಟು ನಿಮಿಷ ಎಂದು ಸಾಲುಸಾಲಾಗಿ ಅಂಕಣಗಳು. ಮೊದಲ ಪುಟಗಳಲ್ಲೆಲ್ಲ ಗುರುವಿನ ಜೊತೆಗಿನ ಹಾರಾಟ. ನಂತರ ಒಂದು ಸಾಲು: "ಒಬ್ಬನೇ. ಹತ್ತು ನಿಮಿಷ." ಆ "ಒಬ್ಬನೇ" ಎಂಬುದರ ಕೆಳಗೆ ಎರಡು ಗೆರೆ ಎಳೆದುಕೊಂಡಿದ್ದ. ಆಗ ಅವನಿಗೆ ಇಪ್ಪತ್ತೊಂದಿದ್ದಿರಬೇಕು. ಮುಂದೆ ಒಂದು ಮಳೆಗಾಲ, ಎಂಟು ದಿನ ಒಂದೇ ಸಮನೆ: "ನೆರೆ. ಅಕ್ಕಿ ಮೂಟೆ ಇಪ್ಪತ್ತೆರಡು." ಒಂದು ದಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, "ಒಂದು ಮೂಟೆ ಆಲದ ಮರಕ್ಕೆ ಸಿಕ್ಕಿತು. ಹತ್ತಿ ಇಳಿಸಿಕೊಂಡರು. ಕೈ ಬೀಸಿದರು." ಇನ್ನೆರಡು ವರ್ಷ ಮುಂದೆ, "ಅನುಮತಿಯಿಲ್ಲದೆ ಕೆಳಗೆ ಹಾರಿದ್ದಕ್ಕೆ ಎಚ್ಚರಿಕೆ" ಎಂದು ಮೇಲಧಿಕಾರಿಯ ಸಹಿ. ತಾರೀಖು ನೋಡಿ ನಕ್ಕುಬಿಟ್ಟೆ. ಅಮ್ಮ ಹೇಳುತ್ತಿದ್ದದ್ದು ನಿಜ. ಮದುವೆಗೆ ಒಂದು ವಾರ ಇರುವಾಗ ಅವಳ ತವರಿನ ಮಾಳಿಗೆಯ ಮೇಲೆ ವಿಮಾನವೊಂದು ಬಂದು, ನೆಂಟರ ಪಂಚೆ ಸೀರೆಗಳೆಲ್ಲ ಹಗ್ಗದಿಂದ ಕಿತ್ತುಕೊಂಡು ಬೀದಿಗೆ ಹಾರಿದ್ದವಂತೆ.

ಕೊನೆಯ ಪುಟಗಳ ಶಾಯಿ ಹಸಿರು, ಅದರ ತುಂಬ ನನಗೆ ಅರ್ಥವಾಗದ ಮೋಟು ಅಕ್ಷರಗಳು. ಗಾಜಿನ ಪೆಟ್ಟಿಗೆಯ ಪಕ್ಕ ಒಂದು ವಿವರಣೆ ಬರೆಸಬೇಕಲ್ಲ, ಅದಕ್ಕೇ ಪುಸ್ತಕವನ್ನು ಗಂಗೋಜಿಯ ಬಳಿ ಒಯ್ದೆ. ಅವನು ಹಿಂದೆ ಯುದ್ಧವಿಮಾನಗಳ ಎಂಜಿನ್ ಬಿಚ್ಚಿ ಜೋಡಿಸುತ್ತಿದ್ದವನು. ನಿವೃತ್ತನಾಗಿ ಬಂದು ಈಗ ಬಲರೆಕ್ಕೆಯ ತುದಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಾನೆ. ಪುಸ್ತಕ ಕಂಡಕೂಡಲೇ ಎದ್ದು ಸೋಪು ಹಾಕಿ ಕೈ ತೊಳೆದು ಬಂದ.

"ಇದು ಎಲ್ಲಿ ಸಿಕ್ತಮ್ಮ ನಿಂಗೆ? ಪೈಲಟ್‌ಗಳು ಇದನ್ನ ಯಾರಿಗೂ ಮುಟ್ಟೋಕೆ ಬಿಡ್ತಿರಲಿಲ್ಲ. ಇಳಿದ ತಕ್ಷಣ ತಮ್ಮ ಕೈಯಾರೆ ಬರೀಬೇಕು. ಸುಳ್ಳು ಬರೆಯೋ ಹಾಗಿಲ್ಲ, ತಿಂಗಳಿಗೊಂದು ಸಲ ಮೇಲಿನವರು ನೋಡಿ ಸಹಿ ಹಾಕ್ತಾರೆ. ಪೈಲಟ್ ಸತ್ತರೆ ಪುಸ್ತಕ ಮುಚ್ಚಿ ಮನೆಯವರಿಗೆ ಕಳಿಸ್ತಾರೆ" ಎಂದ.

"ಹಸಿರು ಶಾಯಿ ಯಾಕೆ ಗಂಗೋಜಿ ಮಾಮ?"

"ಅದು ಯುದ್ಧದ ಹಾರಾಟಕ್ಕೆ. ಮಾಮೂಲಿದು ನೀಲಿ." ಕನ್ನಡಕ ಏರಿಸಿಕೊಂಡು ಬೆರಳಿಟ್ಟು ಓದತೊಡಗಿದ. ಸೇತುವೆ, ರೈಲುಹಾದಿ, ಮತ್ತೆ ಸೇತುವೆ. ಒಂದು ಸಾಲಿನ ಹತ್ತಿರ ಬೆರಳು ನಿಂತಿತು. ಅವನು ತುಟಿ ಅಲುಗಿಸುತ್ತ ಇನ್ನೊಮ್ಮೆ ಓದಿಕೊಂಡ. ಪುಸ್ತಕ ಮುಚ್ಚಿ ನನ್ನ ಕಡೆ ತಳ್ಳಿದ.

"ನಿಮ್ಮಮ್ಮಂಗೆ ಹುಷಾರಾಗಲಿ, ಆಮೇಲೆ ನೋಡಿದರಾಯ್ತು ತಗೋ."

"ಯಾಕೆ ಮಾಮ? ಏನಿದೆ?"

"ಬೇಡ ಕಣಮ್ಮ."

ನಾನೇ ಪುಟ ತೆರೆದೆ. ಬೆರಳಿಟ್ಟು ತೋರಿಸು ಎಂದು ಹಟ ಹಿಡಿದೆ. ಅವನು ತಲೆ ತಗ್ಗಿಸಿಕೊಂಡೇ, ಮೋಟು ಅಕ್ಷರಗಳನ್ನು ಬಿಡಿಸಿ, ಒಂದೊಂದೇ ಪದವಾಗಿ ಓದಿ ಹೇಳಿದ. ಸೋಮವಾರದ ತಾರೀಖು. ಹಳ್ಳದ ದಂಡೆ. ಶತ್ರು ಶಿಬಿರ. ಬಿಳಿ ಡೇರೆ, ಸುಮಾರು ನಲವತ್ತು. ಬಾಂಬು ನಾಲ್ಕು. ಕೆಲಸ ಪೂರೈಸಿದೆ. ಪಕ್ಕದಲ್ಲಿ ಮೇಲಧಿಕಾರಿಯ ಕೈಬರಹದಲ್ಲಿ ಒಂದೇ ಪದ: ಭೇಷ್. ಮಂಗಳವಾರ: ಫೋಟೋ ತೆಗೆಯುವ ಹಾರಾಟ. ಅಂಕಣಗಳ ಗೆರೆಯನ್ನೆಲ್ಲ ದಾಟಿ ದಪ್ಪ ಅಕ್ಷರದಲ್ಲಿ, "ಡೇರೆಗಳಲ್ಲ. ಬಟ್ಟೆ." ಬುಧವಾರದ್ದು ಬೇರೆ ಯಾರದೋ ಬರಹ: "ಅನುಮತಿಯಿಲ್ಲದೆ ಏರಿದ್ದಾರೆ. ಹಿಂತಿರುಗಿಲ್ಲ." ಅದರಾಚೆಗೆ ಪುಸ್ತಕದ ಅರ್ಧದಷ್ಟು ಹಾಳೆ ಖಾಲಿ.

ಅಂಗಡಿಯಲ್ಲಿ ಒಂದು ಪಂಪು ಪರೀಕ್ಷೆಗೆಂದು ಓಡುತ್ತಿತ್ತು, ಅದರ ಸದ್ದು ನಿಂತುಹೋದಂತಾಯಿತು. ನಿಂತಿರಲಿಲ್ಲ, ನನಗೆ ಕೇಳುತ್ತಿರಲಿಲ್ಲ ಅಷ್ಟೆ. ಗಂಗೋಜಿ ಲೋಟದಲ್ಲಿ ನೀರು ಕೊಟ್ಟ. ಲೋಟ ಹಿಡಿದದ್ದು ನೆನಪಿದೆ, ಕುಡಿದದ್ದು ನೆನಪಿಲ್ಲ. ತಲೆಯಲ್ಲಿ ಒಂದೇ ಲೆಕ್ಕ ಮತ್ತೆ ಮತ್ತೆ ಬರುತ್ತಿತ್ತು. ಶತ್ರುವಿನ ವಿಮಾನ ಬರಲೇ ಇಲ್ಲ. ಸೋಮವಾರ ಬಂದವನೂ ಇವನೇ, ಬುಧವಾರ ಬಂದವನೂ ಇವನೇ. ಕಾಯುವುದಕ್ಕೆ ಬಂದದ್ದಲ್ಲ. ತಾನು ಮಾಡಿದ್ದನ್ನು ಹತ್ತಿರದಿಂದ ನೋಡಲು ಬಂದದ್ದು. ನಲವತ್ತು ವರ್ಷ ನಾನು ಮಲಗಿ ಎದ್ದದ್ದು ನನ್ನ ಹೆತ್ತವರನ್ನು ಕೊಂದವನ ನೆರಳಿನಲ್ಲಿ. ಸುಣ್ಣದ ಗೆರೆ ಎಳೆಸಿ ಅದನ್ನು ಚೊಕ್ಕಟವಾಗಿ ಇಟ್ಟವಳು ನಾನು. ಮತ್ತು ಶಾಲು ಸುತ್ತಿ ಪುಸ್ತಕವನ್ನು ಟ್ರಂಕಿಗೆ ಹಾಕಿದ್ದು ಅಮ್ಮ.

ಆಸ್ಪತ್ರೆಗೆ ನಡೆದೇ ಹೋದೆ. ಅಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಪುಸ್ತಕವನ್ನು ಹಾಸಿಗೆಯ ಮೇಲಿಟ್ಟೆ. ಅವಳು ತಿರುಗಿ ನೋಡಿ ಕನ್ನಡಕ ತೆಗೆದಳು.

"ಎಷ್ಟು ಓದಿದೆ?"

"ಪೂರ್ತಿ."

ಅವಳು ಕಣ್ಣು ಮುಚ್ಚಿದಳು. "ನಿಮಗೆ ಮೊದಲಿಂದ ಗೊತ್ತಿತ್ತಾ?" ಎಂದೆ. ಬುದ್ಧಿ ಬಂದಾಗಿನಿಂದ ಅವಳನ್ನು ನೀನು ಎಂದೇ ಮಾತಾಡಿಸಿದವಳು ನಾನು. ಈ "ನಿಮಗೆ" ಕೇಳಿ ಅವಳ ಮುಖ ಕೆನ್ನೆಗೆ ಹೊಡೆಸಿಕೊಂಡವರ ಮುಖದಂತೆ ಆಯಿತು.

"ಗೊತ್ತಿದ್ದೇ ಬಂದೆ. ಹೇಳೋಕೇ ಬಂದಿದ್ದು ಚೆಲುವಿ. ಬಸ್ ಇಳಿದರೆ ಊರಿಗೆ ಊರೇ ಹಾರ ಹಿಡ್ಕೊಂಡು ನಿಂತಿತ್ತು. ಒಬ್ಬ ಮುದುಕ ನನ್ನ ಕಾಲಿಗೆ ಬಿದ್ದ. ಆಮೇಲೆ ಬಾಯಿ ಬರಲಿಲ್ಲ. ನಾಳೆ ಹೇಳೋಣ ಅಂದುಕೊಂಡೆ. ನಾಳೆ ಅನ್ನೋ ಹೊತ್ತಿಗೆ ನೀನು ನನ್ನ ತೊಡೆ ಮೇಲಿದ್ದೆ."

"ಅದಕ್ಕೇ ಸಾಕಿದ್ರಾ ನನ್ನ? ಅವರ ಪಾಪ ಕಳೆಯೋಕೆ?"

ಅಮ್ಮ ಕಣ್ಣು ತೆರೆದಳು. "ಮೊದಲನೇ ವರ್ಷ ಹೌದು. ಸುಳ್ಳು ಹೇಳಲ್ಲ. ಆಮೇಲೆ ನಿಂಗೆ ದಡಾರ ಬಂತು. ಹದಿನೈದು ದಿನ ನನ್ನ ಸೆರಗು ಬಿಡಲಿಲ್ಲ ನೀನು. ಅಲ್ಲಿಂದಾಚೆ ಯಾಕೆ ಸಾಕ್ತಿದ್ದೀನಿ ಅಂತ ಯೋಚನೆ ಮಾಡೋಕೆ ಪುರುಸೊತ್ತಾಗಲಿಲ್ಲ."

ಶಾಲು ಅವಳ ಕಾಲ ಬಳಿ ಇಟ್ಟು ಪುಸ್ತಕ ತೆಗೆದುಕೊಂಡು ಬಂದೆ. ಮತ್ತೆ ಹೋಗಲಿಲ್ಲ. ಊಟವನ್ನು ಪಕ್ಕದ ಮನೆಯವರ ಕೈಲಿ ಕಳಿಸಿದೆ. ಮನೆಯಲ್ಲಿ ಮಲಗಲಾಗದೆ ಪುರಸಭೆಯ ಕಡತದ ಕೋಣೆಯಲ್ಲಿ ಚಾಪೆ ಹಾಸಿಕೊಂಡೆ. ಅದು ನೆರಳಿನಿಂದ ಹೊರಗಿದೆ.

ನಾಲ್ಕನೆಯ ದಿನ ನೆರಳಿನ ದಿನ. ಊರೆಲ್ಲ ಮೂತಿಯ ಹತ್ತಿರ ಸೇರಿತ್ತು, ಬ್ಯಾಂಡಿನವರು ಬಂದಿದ್ದರು. ಪುಸ್ತಕವೊಂದು ಸಿಕ್ಕಿದೆ ಎಂದಷ್ಟೇ ಹಾಲಪ್ಪನವರಿಗೆ ತಿಳಿಸಿದ್ದೆ. ಅವರು ನನ್ನನ್ನು ಕರೆದು, "ಇದೇ ನೋಡ್ರಪ್ಪ ಆ ಪುಣ್ಯಾತ್ಮರ ಕೈಬರಹ. ಅವರ ಮಗಳೇ ಎರಡು ಸಾಲು ಓದ್ತಾರೆ" ಎಂದರು. ನಾನು ಮೊದಲಿನಿಂದ ಓದಿದೆ. ಹತ್ತು ನಿಮಿಷ ಒಬ್ಬನೇ ಹಾರಿದ್ದಕ್ಕೆ ಚಪ್ಪಾಳೆ ಬಿತ್ತು. ಅಕ್ಕಿ ಮೂಟೆ ಮರಕ್ಕೆ ಸಿಕ್ಕಿದ್ದಕ್ಕೆ ಹೆಂಗಸರು ನಕ್ಕರು. ಅದೇ ದನಿಯಲ್ಲಿ, ನಿಲ್ಲಿಸದೆ, ಸೋಮವಾರದ ಸಾಲು ಓದಿದೆ.

ಹಾಲಪ್ಪನವರು ನನ್ನ ಕಿವಿಯ ಹತ್ತಿರ ಬಂದು, "ತಾರೀಖು ಸರಿಯಾಗಿ ನೋಡ್ರಿ ಚೆಲುವಮ್ಮ" ಎಂದರು.

"ನೋಡಿದ್ದೀನಿ ಸಾರ್."

ಇನ್ನೊಮ್ಮೆ ಓದಿದೆ. ಮಂಗಳವಾರದ್ದನ್ನೂ ಓದಿದೆ. ಆಗ ಒಂದು ಸಂಗತಿ ನಡೆಯಿತು. ಯಾರೂ ಹೇಳದೆ, ಒಬ್ಬರನ್ನೊಬ್ಬರು ನೋಡದೆ, ಜನ ಬೆಂಕಿ ಮೆಟ್ಟಿದವರಂತೆ ಹಿಂದಕ್ಕೆ ಹೆಜ್ಜೆ ಇಟ್ಟರು. ಗಂಡಸರು, ಮಕ್ಕಳನ್ನು ಎತ್ತಿಕೊಂಡ ಹೆಂಗಸರು, ತಮಟೆ ನೇತುಹಾಕಿಕೊಂಡವರು, ಎಲ್ಲರೂ ಸುಣ್ಣದ ಗೆರೆ ದಾಟಿ ಬಿಸಿಲಿಗೆ ಹೋಗಿ ನಿಂತರು. ನೆರಳಿನಲ್ಲಿ ನಾನು, ಹಾಲಪ್ಪನವರು ಮತ್ತು ಆ ಕಲ್ಲು ಉಳಿದೆವು. ಹಾಲಪ್ಪನವರು ಒಂದು ಗಳಿಗೆ ನಿಂತು, ಅವರೂ ಗೆರೆ ದಾಟಿ ಹೋದರು.

ಅವತ್ತಿನಿಂದ ಊರು ಊರಾಗಿರಲಿಲ್ಲ. ತರಕಾರಿಯವರು ಎರಡು ದಿನ ಬಿಸಿಲಿನಲ್ಲಿ ಕೂತರು. ಸೊಪ್ಪು ಬಾಡಿ, ಟೊಮೇಟೊ ಒಡೆದು, ಮೂರನೆಯ ದಿನ ತಲೆ ತಗ್ಗಿಸಿಕೊಂಡು ಮತ್ತೆ ಹೊಟ್ಟೆಯ ಕೆಳಗೆ ಬಂದರು. ಕಲ್ಲಿನ ಮೇಲಿನ ಹೆಸರಿಗೆ ಯಾರೋ ಟಾರು ಬಳಿದರು, ಇನ್ಯಾರೋ ಸೀಮೆಎಣ್ಣೆ ಹಾಕಿ ಉಜ್ಜಿ ತೆಗೆದರು. ಮದುವೆಯಲ್ಲಿ ಅದಕ್ಕೆ ನಮಸ್ಕಾರ ಮಾಡಿದ್ದ ಒಬ್ಬ ಮುದುಕಿ ನನ್ನ ಕೈ ಹಿಡಿದು, "ತಪ್ಪಾಗಿ ಓದಿದೆ ಅಂತ ಒಂದು ಮಾತು ಹೇಳಿಬಿಡೆ ತಾಯಿ" ಎಂದು ಗೋಗರೆದಳು. ನಾನು ಕೈ ಬಿಡಿಸಿಕೊಂಡು ಬಂದೆ.

ಐದನೆಯ ದಿನ ಬೆಳಿಗ್ಗೆ ಪುರಸಭೆಯ ಮೆಟ್ಟಿಲ ಮೇಲೆ ಒಬ್ಬಳು ಅಜ್ಜಿ ಕೂತಿದ್ದಳು. ಎಂಬತ್ತರ ಮೇಲಿರಬೇಕು. ನೀರಲ್ಲಿ ನೆನೆದು ನೆನೆದು ಬೆರಳ ತುದಿಗಳೆಲ್ಲ ಸುಕ್ಕುಗಟ್ಟಿದ್ದ ಕೈ. "ನೀನೇನಾ ಪುಸ್ತಕ ಓದಿದೋಳು? ನಾನು ದುರ್ಗಿ. ಬಿಳುಪಿನ ಕೇರಿಯೋಳು. ಉಳಿದೋರು ಏಳು ಜನ ಇದ್ವಿ, ಹಳ್ಳದ ಕೆಳಗಲ ಊರಿಗೆ ಹೋದ್ವಿ. ಈಗ ನಾನೊಬ್ಳೇ ಇರೋದು" ಎಂದಳು. ಒಳಗೆ ಕರೆದುಕೊಂಡು ಹೋಗಿ ಕೂರಿಸಿದೆ. ಚಹಾ ಬೇಡವೆಂದಳು. "ಆ ಪುಸ್ತಕದಾಗೆ ಖಾಲಿ ಹಾಳೆ ಐತಂತಲ್ಲ. ಬರ್ಕೋ" ಎಂದಳು.

ಅವಳು ಮನೆಯಿಂದ ಮನೆಗೆ ನಡೆಯುವವಳಂತೆ ಕಣ್ಣು ಮುಚ್ಚಿಕೊಂಡು ಹೆಸರು ಹೇಳುತ್ತ ಹೋದಳು. ವಿಮಾನದ ನಂಬರು ಬರೆಯುವಲ್ಲಿ ನಾನು ಸತ್ತವರ ಹೆಸರು ಬರೆದೆ. ಗಂಟೆ ಬರೆಯುವ ಅಂಕಣದಲ್ಲಿ ವಯಸ್ಸು ಬರೆದೆ. ಕರಿಯಜ್ಜ, ಎಪ್ಪತ್ತು. ಅವನ ಮಗ ಬೈರ, ಮೂವತ್ತು. ದುರ್ಗಜ್ಜಿಯದೇ ಇಬ್ಬರು ಮಕ್ಕಳು, ಎಂಟು, ಆರು. ಆ ಎರಡನ್ನೂ ಅವಳು ಉಳಿದವುಗಳಂತೆಯೇ ಹೇಳಿದಳು. ಹತ್ತೊಂಬತ್ತನೆಯದು, "ಸಣ್ಣೀರಿ. ಇಪ್ಪತ್ತೆರಡು. ನಿನ್ನ ಹಡೆದೋಳು."

ಪೆನ್ನು ನಿಂತಿತು. ಹಡೆದವಳ ಹೆಸರೇನೆಂದು ಅಮ್ಮನನ್ನು ಚಿಕ್ಕಂದಿನಲ್ಲಿ ಎರಡು ಸಲ ಕೇಳಿದ್ದೆ, ಅವಳಿಗೂ ಗೊತ್ತಿರಲಿಲ್ಲ. ನಲವತ್ಮೂರು ವರ್ಷದ ಹೆಂಗಸು ನಾನು, ನನಗಿಂತ ಅರ್ಧ ವಯಸ್ಸಿನ ತಾಯಿಯ ಹೆಸರನ್ನು ಮೊದಲ ಸಲ ಕೇಳಿಸಿಕೊಂಡೆ. ಬೆವರಿದ ಕೈಯಿಂದ ಶಾಯಿ ಹರಡಿತು.

"ಬರಿ ಮಗ," ಎಂದಳು ದುರ್ಗಜ್ಜಿ. "ಇನ್ನೂ ಹನ್ನೆರಡು ಅವೆ."

ಎಲ್ಲ ಮುಗಿದ ಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು, "ಆಯಮ್ಮ ಎಲ್ಲವ್ಳೆ?" ಎಂದು ಕೇಳಿದಳು. ಆಸ್ಪತ್ರೆಯಲ್ಲಿ ಎಂದೆ. "ನಡಿ" ಎಂದಳು. ಒಂಬತ್ತು ದಿನದಿಂದ ಅಲ್ಲಿಗೆ ಕಾಲಿಟ್ಟಿಲ್ಲ ಎಂದು ಅವಳಿಗೆ ಹೇಗೆ ಹೇಳುವುದು? ಆಟೋ ಹತ್ತಿಸಿಕೊಂಡು ಹೋದೆ.

ಅಮ್ಮ ಇಳಿದುಹೋಗಿದ್ದಳು. ನನ್ನನ್ನು ನೋಡಿ ಏನೋ ಹೇಳಹೊರಟವಳು ದುರ್ಗಜ್ಜಿಯನ್ನು ಕಂಡು ಏಳಲು ನೋಡಿದಳು, ಆಗಲಿಲ್ಲ. ಮಲಗಿದಲ್ಲೇ ಕೈ ಮುಗಿದಳು. "ಅವತ್ತು ನಿಮ್ಮ ಕೇರಿ ಮೇಲೆ ಬಾಂಬು ಹಾಕಿದ್ದು ನನ್ನ ಯಜಮಾನರು" ಎಂದಳು. ಅಷ್ಟು ಹೇಳುವಷ್ಟರಲ್ಲಿ ಏದುಸಿರು ಬಂತು.

ದುರ್ಗಜ್ಜಿ ಸ್ಟೂಲು ಎಳೆದುಕೊಂಡು ಕೂತಳು. "ಗೊತ್ತು."

"ಮೊನ್ನೆ ಓದಿದ್ದು ಕೇಳಿ..."

"ಅವತ್ತೇ ಗೊತ್ತು ಕಣಮ್ಮ. ಮೂರು ದಿನಾನೂ ಬಂದಿದ್ದು ಒಂದೇ ಇಮಾನ. ರೆಕ್ಕೆ ಕೆಳಗೆ ಕೆಂಪು ಪಟ್ಟಿ, ಬಾಲದಾಗೆ ತಗಡಿನ ತ್ಯಾಪೆ. ಊರೋರು ಮಂಚದ ಕೆಳಗಿದ್ರು, ತಲೆ ಎತ್ತಿ ನೋಡಿದೋರು ನಾವು. ಆವಾಗ್ಲೇ ಹೇಳಿದ್ವಿ. ಬಟ್ಟೆ ಒಗೆಯೋರ ಮಾತು ಯಾರು ಕೇಳ್ತಾರೆ?"

ಅಮ್ಮ ದುರ್ಗಜ್ಜಿಯ ಮುಖವನ್ನೇ ದಿಟ್ಟಿಸಿದಳು.

"ಶಾಲೆ ಜಗಲೀಲಿ ಮಗೂನ ನನ್ನ ತೊಡೆ ಮೇಲೆ ಹಾಕಿ ಹೋದವರು ನೀವೇ ಅಲ್ಲವಾ? ನಾನು ಯಾರ ಹೆಂಡ್ತಿ ಅಂತ ಆಗ ನಿಮಗೆ ಗೊತ್ತಿತ್ತಾ?"

"ಗೊತ್ತಿದ್ದೇ ಹಾಕ್ದೆ. ಊರಾಗೆ ನಾಕು ಮನೆಯೋರು ಕೊಡು ಅಂತ ಬಂದಿದ್ರು. ಕೊಟ್ಟಿದ್ರೆ, ಅನ್ನ ಹಾಕಿ ಸಾಕಿದೀವಿ, ಋಣ ನೆನಪಿರ್ಲಿ ಅಂತ ದಿನಾ ಅನ್ನೋರು. ನೀನು ಹಂಗೆ ಅನ್ನೋ ಹಂಗಿರಲಿಲ್ಲ." ಅವಳು ನನ್ನ ಕಡೆ ತಿರುಗಿದಳು. "ಅಂದವ್ಳಾ? ಒಂದು ದಿನಾನಾದ್ರೂ?"

ಅಮ್ಮ ಗೋಡೆಯ ಕಡೆ ಮುಖ ತಿರುಗಿಸಿಕೊಂಡಿದ್ದಳು, ಉತ್ತರಕ್ಕೆ ಹೆದರಿದವಳ ಹಾಗೆ. ನಾನು ಸುಳ್ಳು ಹೇಳಲು ಕಾರಣ ಹುಡುಕಿದೆ. ಸಿಟ್ಟು ಹಾಗೇ ಇತ್ತು, ಈಗಲೂ ಇದೆ. ಆದರೂ ನಲವತ್ತು ವರ್ಷದ ದಿನಗಳನ್ನೆಲ್ಲ ಹುಡುಕಿದರೂ ಅಂಥ ಮಾತು ಒಂದೂ ಸಿಗಲಿಲ್ಲ.

"ಇಲ್ಲ" ಎಂದೆ.